ಒಂದು ಬಟ್ಟು ಸಂದು

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯವರು ಸಾಗವಾನಿಯ ತುಂಡೊಂದರ ಮೇಲೆ ಕೊಯ್ಯುವ ಕೈಮಶೀನಿನ ಬ್ಲೇಡು ಇಟ್ಟು ಗುಂಡಿ ಒತ್ತಿದರು. ಕಟ್ಟಿಗೆ ಸೀದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಬಚ್ಚಲದ ಬಾಗಿಲು ಮಳೆಗೆ ಉಬ್ಬಿ ನೆಲ ಕಚ್ಚುತ್ತಿತ್ತು, ಅದಕ್ಕೇನಾದರೂ ಸಿಕ್ಕೀತೇ ಎಂದು ನೋಡಲು ಹೋಗಿದ್ದೆ.

"ಇದು ತಿರುಗಂಗಿಲ್ರಿ. ಅತ್ತಾಗ ಒಂದ್ ಎಳಿ, ಇತ್ತಾಗ ಒಂದ್ ಎಳಿ, ಅಷ್ಟ ಆಡ್ತೈತಿ. ಬಾಗಲಾ ಬಿಚ್ಚೂದ ಬ್ಯಾಡ, ಸಂದ್ಯಾಗ ಹೊಕ್ಕು ಕೊಯ್ತೈತಿ," ಎಂದರು ಅಂಗಡಿಯವರು. "ಯಾರು ನಡಸೂರ್ರಿ ಇದನ್ನ? ಅಳಿಯಾರೇನ್ರಿ?"

"ನಾನ," ಎಂದೆ.

ಅವರು ನನ್ನ ಬಿಳಿ ತಲೆ ನೋಡಿದರು. ಎರಡು ಮಶೀನು ಮುಂದಿಟ್ಟರು, ಒಂದು ವೈರಿನದು, ಇನ್ನೊಂದು ಬ್ಯಾಟರಿಯದು. ಯಾವುದು ಭಾರ, ಯಾವುದು ಹಗುರ ಎಂದು ಅವರು ಹೇಳುತ್ತಲೇ ಇದ್ದರು. ನನ್ನ ಕಣ್ಣ ಮುಂದೆ ಮಾತ್ರ ಮುರುಕು ಬ್ಲೇಡು ಹಿಡಿದ ಒಂದು ಕೈ ಆಡುತ್ತಿತ್ತು…

ನಲವತ್ತು ವರ್ಷದ ಹಿಂದಿನ ಮಾತು. ನನ್ನ ತವರು ತಿರ್ಲಾಪುರ. ನಮ್ಮ ಓಣಿಯ ಕೊನೆಗೆ ಬಡಿಗೇರ ಕಾಕಾನ ಮನೆ. ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದ ಬೇಸಿಗೆಯಲ್ಲಿ ಅವ್ವ ನನ್ನ ಬಾಣಂತನಕ್ಕೆಂದು ಒಳಕೋಣೆಗೆ ಹೊಸ ಬಾಗಿಲು ಮಾಡಿಸಿದಳು. ಕಿಟಕಿಯಿಲ್ಲದ, ಬೆಳಕಿಂಡಿಯಿಲ್ಲದ ಕೋಣೆ ಅದು. ಹೊಸ್ತಿಲೂ ಇರಲಿಲ್ಲ, ಹಾಸುಗಲ್ಲಿನ ಮೇಲೇ ಬಾಗಿಲು ಆಡಬೇಕು.

"ಅಕ್ಕಾರ, ಕೆಳಗ ಒಂದು ಬಟ್ಟು ಸಂದು ಬಿಡ್ತೀನ್ರಿ," ಎಂದು ಕಾಕಾ ಬೆರಳು ತೋರಿಸಿದ. "ಎರಿ ನೆಲ ಐತಿ. ಮಳಿ ಬಿದ್ರ ಮಣ್ಣು ಉಬ್ಬಿ ಕಲ್ಲು ಎದ್ದ ಬರ್ತಾವು."

"ಬಾಣಂತಿ ಕೋಣಿಗೆ ಯಾರರ ಸಂದು ಬಿಡ್ತಾರೇನೋ ಯಣ್ಣಾ? ಥಂಡಿ ಗಾಳಿ ಹೊಕ್ಕು ಹುಡಿಗಿಗೆ ಸನ್ನಿ ಆದ್ರ? ಸಂದು ಬ್ಯಾಡ. ಇರಿವಿ ಸೈತ ಹೊಗಬಾರ್ದು."

ಹೇಳಿದ್ದಕ್ಕೆಲ್ಲ ಕೋಲೆ ಬಸವನಂತೆ ತಲೆಯಾಡಿಸುವ ಮನುಷ್ಯನಲ್ಲ ಕಾಕಾ. ಆದರೆ ಬಾಣಂತನದ ಮಾತಿನಲ್ಲಿ ಗಂಡಸು ಏನು ವಾದ ಮಾಡಿಯಾನು? ಇರುವೆಯೂ ನುಸುಳದ ಹಾಗೆ ಬಾಗಿಲು ಕೂಡಿಸಿ ಹೋದ.

ಮಗಳು ಹುಟ್ಟಿ ಹದಿನಾರು ದಿನವಾಗಿತ್ತು. ಮೂರು ದಿನದಿಂದ ಜಡಿಮಳೆ. ಬೆಳಿಗ್ಗೆ ನಮಗೆ ನೀರೆರೆದು ಮಲಗಿಸಿದ ಅವ್ವ, ತೊಟ್ಟಿಲ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಲೋಬಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಬಾಗಿಲನ್ನು ಜಗ್ಗಿ ಎಳೆದುಕೊಂಡು ಹೋದಳು. ನಿದ್ದೆಯಿಂದ ಎದ್ದಾಗ ಕೋಣೆ ತುಂಬ ಹೊಗೆ. ಕೂಸು ಕೆಮ್ಮುತ್ತಿತ್ತು, ಎತ್ತಿಕೊಂಡೆ. ಬಾಗಿಲು ಎಳೆದರೆ ಅದು ಕಲ್ಲು ಕಚ್ಚಿ ಕೂತಿತ್ತು.

ಬಾಣಂತಿಗೆ ನೀರು ಕೊಡುವುದೇ ಗುಟುಕು ಲೆಕ್ಕದಲ್ಲಿ. ಇದ್ದ ಅರ್ಧ ತಂಬಿಗೆ ನೀರನ್ನು ಕೆಂಡಕ್ಕೆ ಸುರಿದೆ. ಬೆಂಕಿ ಸತ್ತಿತು, ಹೊಗೆ ಎರಡು ಪಟ್ಟಾಯಿತು. ಚೀರಿದೆ.

ಅಪ್ಪ ಓಡಿ ಬಂದು ಬಾಗಿಲಿಗೆ ಕೊಡಲಿ ಹಾಕಿದ. ಒಂದೇ ಪೆಟ್ಟು. ನೆನೆದ ಗೋಡೆ ಅದುರಿ ಬಾಗಿಲ ಮೇಲಿನ ಮಣ್ಣು ಹೆಂಟೆ ಹೆಂಟೆಯಾಗಿ ತೊಟ್ಟಿಲಿಗೆ ಬಿತ್ತು. ನಾನು ಕೂಸನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಕುಳಿತೆ. ಹೊರಗೆ ಹೋಗುವ ದಾರಿ ಇಲ್ಲ, ಒಡೆದರೆ ಗೋಡೆ ನಮ್ಮ ಮೇಲೆ. ಅಷ್ಟು ಹೆದರಿಕೆಯನ್ನು ನಾನು ಮತ್ತೆಂದೂ ಪಟ್ಟಿಲ್ಲ.

ಆಗ ಕಾಕಾನ ದನಿ ಕೇಳಿತು. "ಬಡೀಬ್ಯಾಡ್ರಿ! ಯಾರೂ ಬಡೀಬ್ಯಾಡ್ರಿ!"

ಅವತ್ತು ಅಮಾವಾಸ್ಯೆ. ನಮ್ಮ ಕಡೆ ಬಡಿಗೇರರು ಅಮಾವಾಸ್ಯೆಯ ದಿನ ಆಯುಧ ಮುಟ್ಟುವುದಿಲ್ಲ, ಪೂಜೆ ಮಾಡಿ ಇಟ್ಟುಬಿಡುತ್ತಾರೆ. ಅವ್ವ ಅಳುತ್ತಲೇ, "ಯಣ್ಣಾ, ಅಮಾಸಿ ಐತಲ್ಲೋ," ಎಂದಳು.

"ಕೂಸಿಗೆ ಅಮಾಸಿ ಗೊತ್ತೈತೇನ್ರಿ ಅಕ್ಕಾರ?"

ಕುಂಕುಮ ಹಚ್ಚಿದ್ದ ಚೀಲ ಬಿಚ್ಚಿದ ಸದ್ದು. ಒಂದೊಂದೇ ಆಯುಧ ಕಲ್ಲಿನ ಮೇಲಿಟ್ಟ ಸದ್ದು. "ಉಳಿ ಹಾಕಿದ್ರ ಬಡೀಬೇಕು, ಮಣ್ಣು ಬೀಳ್ತೈತಿ. ಗರಗಸಾ ಹೊಗಂಗಿಲ್ಲ. ಉಜ್ಜುಗೊರಡು ಮುಟ್ಟಂಗಿಲ್ಲ…" ಎಂದು ತನಗೆ ತಾನೇ ಅನ್ನುತ್ತಿದ್ದ. ನನ್ನ ಜೀವ ಒಂದೊಂದು ಆಯುಧಕ್ಕೂ ಎದ್ದು ಮತ್ತೆ ಕೂಡುತ್ತಿತ್ತು. ಕೊನೆಗೆ ಅವನು ಆರಿಸಿದ್ದು ಕಬ್ಬಿಣ ಕೊಯ್ಯುವ ಗರಗಸದ ಒಂದು ಮುರುಕು ಬ್ಲೇಡು. ಗೇಣುದ್ದ ಇದ್ದೀತು. ಹಿಡಿಕೆ ಇಲ್ಲ, ತುದಿಗೆ ಅರಿವೆ ಸುತ್ತಿದ್ದ ಅಷ್ಟೇ.

ಬಾಗಿಲು ಹೊಸದಾದರೂ ಅದರ ಒಂದು ಕೆಳಮೂಲೆಯಲ್ಲಿ ಆಗಲೇ ಇಲಿ ಕಡಿದ ಚಿಕ್ಕ ಕಿಂಡಿ ಇತ್ತು. ಅಲ್ಲಿಂದ ಬ್ಲೇಡು ತೂರಿಸಿ, ಅತ್ತ ಒಂದು ಎಳೆ, ಇತ್ತ ಒಂದು ಎಳೆ, ಕಲ್ಲಿಗೆ ಒತ್ತಿ ಬಾಗಿಲ ಬುಡ ಕೊಯ್ಯತೊಡಗಿದ. "ತಂಗೀ, ಕೂಸಿನ ಮಾರಿ ಈ ಮೂಲಿಗೆ ತಾ. ನಿದ್ದಿ ಮಾಡಬ್ಯಾಡ, ನನ್ನ ಕೂಡ ಮಾತಾಡ್ಕೋತ ಇರು," ಎನ್ನುತ್ತಿದ್ದ. ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆ. ನಾಲ್ಕು ಬೆರಳಗಲ ಕೊಯ್ಯುವಷ್ಟರಲ್ಲಿ ಸಣ್ಣಗೆ ಗಾಳಿ ಬಂತು. ಅವ್ವ ಹೆದರಿದ್ದ ಅದೇ ಥಂಡಿ ಗಾಳಿ. ಕೂಸು ಬಾಯಿ ತೆರೆದು ಅದನ್ನು ಹಾಲಿನಂತೆ ಕುಡಿಯಿತು.

ಸಂದು ಉದ್ದವಾದ ಹಾಗೆ ಅವನ ಬೆರಳು ಕಾಣತೊಡಗಿದವು. ಅರಿವೆ ಕೆಂಪಾಗಿತ್ತು. "ಕಾಕಾ, ರಕ್ತ…" ಎಂದೆ. "ಇರ್ಲಿ ಬಿಡು," ಎಂದ. ಕೈ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಅವ್ವ ಒಳಗೆ ನುಗ್ಗಿ ನಮ್ಮಿಬ್ಬರಿಗೂ ಕಂಬಳಿ ಹೊದಿಸಿದಳು. ಬಾಣಂತಿಯನ್ನು ನೋಡಬಾರದೆಂದು ಕಾಕಾ ಮುಖ ತಿರುಗಿಸಿಕೊಂಡು, ಚೀಲ ಹೊತ್ತು ನಡೆದುಬಿಟ್ಟ.

ಮಗಳು ಉಳಿದಳು. ಅವನ ಬಲಗೈಯ ತೋರುಬೆರಳು ಮತ್ತೆ ಬಾಗಲಿಲ್ಲ. ನರ ಕಡಿದಿತ್ತು. ಬಾಗಿಲ ಚೌಕಟ್ಟಿಗೆ ಹೂಬಳ್ಳಿ ಕೆತ್ತುತ್ತಿದ್ದ ಕೈ, ನೊಗ ಕುಂಟೆಗಷ್ಟೇ ಆಯಿತು. ಅಮಾಸಿ ಮುರಿದ, ದೇವರು ತೋರಿಸಿದ ಎಂದು ಊರು ಮಾತಾಡಿತು. ಒಂದು ದಿನ ನೆರೆಮನೆಯಾಕೆ ಹಾಗೆಂದಾಗ ನಮ್ಮವ್ವನೂ, "ಹೌದ ಬಿಡ್ರಿ, ಅಮಾಸಿ ಮುರದ್ರ ಆಗೂದ ಹಂಗ," ಎಂದಳು. ನಾನು ಒಳಗೆ ಹಾಲೂಡುತ್ತ ಕೇಳಿಸಿಕೊಂಡೆ. ಬೆರಳು ಹೋದದ್ದು ಅಮಾಸಿಯಿಂದಲ್ಲ ಎಂದು ನನಗೆ ಗೊತ್ತಿತ್ತು. ಅವ್ವನ ಮನೆಯಲ್ಲಿ, ಅವ್ವನ ಕೈಯ ಅನ್ನ ಉಣ್ಣುತ್ತ ಏನೆನ್ನಲಿ? ಬಾಗಿಲು ತೆರೆದಿತ್ತು, ನಾನು ಒಳಗೇ ಇದ್ದೆ.

ಆಮೇಲೆ ತವರಿಗೆ ಹೋದಾಗೆಲ್ಲ ಕಾಕಾ ಸಿಗುತ್ತಿದ್ದ. "ಅರಾಮಿದ್ದೀಯೇನ್ ತಂಗಿ? ಕೂಸು ಹೆಂಗೈತಿ?" ಎನ್ನುತ್ತಿದ್ದ. ಅರಾಮ ಕಾಕಾ, ಎನ್ನುತ್ತಿದ್ದೆ. ಅಷ್ಟೇ. ಮುಂದೊಂದು ವರ್ಷ ತವರಿಗೆ ಹೋದಾಗ ಅವನಿರಲಿಲ್ಲ…

ಅಂಗಡಿಯಲ್ಲಿ ಹಿಡಿಕೆ ದಪ್ಪಗಿದ್ದ ಮಶೀನನ್ನೇ ಆರಿಸಿದೆ. ಮನೆಗೆ ಬಂದು ಬಚ್ಚಲದ ಬಾಗಿಲ ಬುಡ ಕೊಯ್ದೆ. ಐದು ನಿಮಿಷವೂ ಹಿಡಿಯಲಿಲ್ಲ.

ಮಗಳು ಬಂದು ನೋಡಿದಳು. "ಭಾಳ ಸಂದು ಬಿಟ್ಟಿಯಲ್ಲಬೇ, ಗಾಳಿ ಬರ್ತೈತಿ."

ನಾನು ನೆಲಕ್ಕೆ ಕುಳಿತು ತೋರುಬೆರಳನ್ನು ಬಾಗಿಲ ಕೆಳಗೆ ತೂರಿಸಿದೆ. ಸರಿಯಾಗಿ ಹೊಕ್ಕಿತು.

"ನಮ್ಮ ಬಡಿಗೇರ ಕಾಕಾ ಇಷ್ಟ ಬಿಡ್ತೀನಿ ಅಂದಿದ್ದ," ಎಂದೆ. "ಬ್ಯಾಡ ಅಂದಾಕಿ ನಮ್ಮವ್ವ."

ಅವಳಿಗೆ ಏನೂ ತಿಳಿಯಲಿಲ್ಲ. ಈ ಮಾತು ಕೇಳಿಸಿಕೊಳ್ಳಬೇಕಾಗಿದ್ದ ಅವ್ವ, ಕಾಕಾ ಇಬ್ಬರೂ ಈಗ ಇಲ್ಲ.