ಮೇಷ್ಟ್ರು ಕೊಟ್ಟ ವಯಸ್ಸು

ಕಾರಿಗೆ ಇವತ್ತಿನವರೆಗೆ ಒಂದು ಗೀರೂ ಬೀಳಿಸದ ನನಗೆ ಇನ್ಶೂರೆನ್ಸ್‌ನವರು ಈ ಸಲ ಪ್ರೀಮಿಯಂ ಏರಿಸಿಬಿಟ್ಟರು. ಈ ಪರದೇಶದ ಬ್ಲ್ಯಾಕ್‌ಟೌನ್‌ನ ಮನೆಯಿಂದಲೇ ಫೋನ್ ಮಾಡಿ ಜಗಳಕ್ಕೆ ನಿಂತೆ.

"ನಿಮಗೆ ಎಪ್ಪತ್ತೈದು ತುಂಬಿತಲ್ಲ ಸರ್, ಅದಕ್ಕೆ," ಅಂದಳು ಆ ಕಡೆಯ ಹುಡುಗಿ.

"ಅದು ಪಾಸ್‌ಪೋರ್ಟಿನ ವಯಸ್ಸು. ನಿಜವಾಗಿ ನನಗೆ ಎಪ್ಪತ್ತನಾಲ್ಕೇ. ಸ್ಕೂಲಿಗೆ ಸೇರಿಸೋಕೆ ವಯಸ್ಸು ಸಾಲದು ಅಂತ ಹೆಡ್‌ಮೇಷ್ಟ್ರು ಒಂದು ವರ್ಷ ಕೂಡಿಸಿ, ಜೂನ್ ಒಂದು ಅಂತ ಬರೆದುಬಿಟ್ಟರು. ನಮ್ಮ ಕ್ಲಾಸಿನ ಅರ್ಧ ಜನ ಹುಟ್ಟಿದ್ದು ಅವತ್ತೇ!"

ಅವಳು ತುಂಬಾ ಮರ್ಯಾದೆಯಿಂದ, "ಆ ಹೆಡ್‌ಮೇಷ್ಟ್ರಿಂದ ಒಂದು ಲೆಟರ್ ತರಿಸಿ ಸರ್, ನೋಡೋಣ," ಅಂದಳು.

ಮೇಷ್ಟ್ರು ಬದುಕಿದ್ದರೆ ಈಗ ನೂರಿಪ್ಪತ್ತಾದರೂ ಆಗಿರಬೇಕು. ಅವರ ವಯಸ್ಸನ್ನು ಯಾರು ಬರೆದಿದ್ದರೋ!

ತೆಪ್ಪಗೆ ದುಡ್ಡು ಕಟ್ಟಿದೆ. ಸರ್ಕಾರಿ ಸ್ಕೂಲಲ್ಲಿ ಬಿಟ್ಟಿ ಓದಿದ ಒಂದನೇ ಕ್ಲಾಸಿನ ಫೀಸು ಅದು, ಸ್ವಲ್ಪ ತಡವಾಯಿತು ಅಷ್ಟೇ.