ಬಲಗಡೆಯಿಂದ ತೆರೆದ ಬೀದಿ

ಪ್ರತಿಯೊಂದು ವಸ್ತುವಿಗೂ ಮುಂದು, ಹಿಂದು ಎಂದು ಎರಡಿರುತ್ತವೆ. ಇವನ್ನು ಅದಲುಬದಲು ಮಾಡದೆ ಇಟ್ಟುಕೊಂಡಿರುವುದರಿಂದಲೇ ನಾಗರಿಕತೆ ಇನ್ನೂ ನಿಂತಿದೆ. ಮೂವತ್ತು ವರ್ಷ ಫೈಲು ಕಟ್ಟಿ ನಾನು ಕಂಡುಕೊಂಡ ಈ ಸತ್ಯವನ್ನು ಮೊನ್ನೆ, ಬೌಷರ್‌ನಲ್ಲಿರುವ ನನ್ನ ಮಗಳ ಮನೆಯಲ್ಲಿ, ಮೊಮ್ಮಗಳು ಅರ್ಧ ನಿಮಿಷದಲ್ಲಿ ಉರುಳಿಸಿದಳು. ಬೀರುವಿನ ಮೇಲಿದ್ದ ಹಸಿರು ರಿಂಗ್ ಫೈಲನ್ನು ಇಳಿಸಿ, "ತಾತ, ದಿಸ್ ಓಪನ್ಸ್ ಫ್ರಮ್ ದ ರಾಂಗ್ ಸೈಡ್" ಅಂದಳು. ಒಳಗೆ ನಮ್ಮ ಮದುವೆಯ ಪಟಗಳಿದ್ದವು. ಅವುಗಳಿಗಿಂತ ಮೊದಲು ಹೊರಬಂದದ್ದು ವಾಸನೆ: ಹಳೆಯ ಗೋಂದು, ಸಣ್ಣ ಮರಳು, ಏಸಿಯ ತಣ್ಣನೆಯ ತೇವ. ವಾಸನೆಗೆ ಮಾತ್ರ ಮುಂದೂ ಇಲ್ಲ, ಹಿಂದೂ ಇಲ್ಲ.

ಎಣ್ಣೆಯ ಬೆಲೆ ನೆಲ ಕಚ್ಚಿದ್ದ ಎಂಬತ್ತರ ದಶಕದಲ್ಲಿ ನಾನು ಈ ಕೊಲ್ಲಿ ದೇಶದ ರುಸೈಲ್‌ನ ಒಂದು ಪೈಪು ಕಾರ್ಖಾನೆಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಹೆಸರು ಕೇಳಿ ಹೆದರಬೇಡಿ. ಕಾಗದ ಬಂದರೆ ನಂಬರು ಹಾಕುವುದು, ಹೋದರೆ ಆ ನಂಬರನ್ನು ಹೊಡೆದುಹಾಕುವುದು, ಅಷ್ಟೇ. ಆ ವರ್ಷ ಕಾಗದ ಬರುವುದೂ ನಿಂತಿತು, ಹೋಗುವುದೂ ನಿಂತಿತು. ಯಾರೂ ಕೊಳ್ಳದ ಪೈಪುಗಳು ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದವು. ಗಾಳಿ ಬೀಸಿದಾಗ ಅವುಗಳ ಬಾಯಿಂದ ಹೂಂ ಎಂಬ ಸದ್ದು. ನಾವೂ ಒಳಗೆ ಹೆಚ್ಚುಕಡಿಮೆ ಅದೇ ಸದ್ದು ಮಾಡುತ್ತ ಕೂತಿದ್ದೆವು.

ನಮ್ಮ ಮ್ಯಾನೇಜರು ಮಕ್‌ಲೀಶ್, ಸ್ಕಾಟ್ಲೆಂಡಿನವರು. ಅವರನ್ನು ಇಂಗ್ಲೆಂಡಿನವರು ಎಂದವರೊಡನೆ ಎರಡು ದಿನ ಮಾತು ಬಿಡುತ್ತಿದ್ದರು. ಅವರ ಕೆಲಸವೂ ಖಲಾಸ್ ಎಂಬ ಪತ್ರ ಬಂದಿತ್ತು. ಹೊರಡಲು ಇನ್ನು ಹತ್ತು ದಿನ. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಲಕೋಟೆ ಸುರಿದರು. ಮೂವತ್ತೊಂದು ಕಪ್ಪುಬಿಳುಪು ಪಟಗಳು, ಎಲ್ಲವೂ ಅವರ ಹುಟ್ಟೂರಿನ ಒಂದೇ ಬೀದಿಯವು. ಮೇಲ್ತುದಿಯಲ್ಲಿ ಚರ್ಚು, ಕೆಳತುದಿಯಲ್ಲಿ ಮೀನುದೋಣಿಗಳ ಧಕ್ಕೆ, ನಡುವೆ ಒಂದೇ ಸಾಲಿನ ಕಲ್ಲುಮನೆಗಳು. ಅವರ ತಂದೆ ಒಂದೊಂದರ ಮುಂದೂ ನಿಂತು ತೆಗೆದು, ಚರ್ಚಿನಿಂದ ಹಿಡಿದು ಬೆನ್ನಿಗೆ ನಂಬರು ಹಾಕಿದ್ದರು. ಬೇರೆ ಒಂದಕ್ಷರ ಬರೆದಿರಲಿಲ್ಲ. ನಮ್ಮ ಜಾತಿಯ ಮನುಷ್ಯ.

ಬೀದಿಯನ್ನು ಎಂದೋ ಕೆಡವಿದ್ದರಂತೆ. ಈಗ ಊರಿನ ಇತಿಹಾಸ ಕಾಯುವ ಸಂಘವೊಂದು ಅದನ್ನು ಸಭಾಂಗಣದ ಗೋಡೆಯ ಮೇಲೆ ಪಟಗಳಲ್ಲೇ ಮತ್ತೆ ಕಟ್ಟುತ್ತದಂತೆ. ಪ್ರತಿ ಬಾಗಿಲಿನ ಕೆಳಗೆ ಅಲ್ಲಿದ್ದವರ ಹೆಸರಿನ ಚೀಟಿ. ಹೆಸರು ಸಿಗದಿದ್ದರೆ 'ಗೊತ್ತಿಲ್ಲ'.

"ಅಮ್ಮ ಹೋದಾಗ ನನಗೆ ಏಳು ವರ್ಷ. ಆಮೇಲೆ ಆ ಊರಿಗೇ ಹೋಗಲಿಲ್ಲ," ಅಂದರು ಮಕ್‌ಲೀಶ್. "ನೆನಪಿರುವುದು ಒಂದೇ. ಒಂದು ಕಬ್ಬಿಣದ ಕಂಬಿಬೇಲಿಗೆ ಕೋಲು ಎಳೆಯುತ್ತ ಓಡುತ್ತಿದ್ದೆ, ಕಟಕಟಕಟ. ಸದ್ದು ನಿಂತರೆ ನಮ್ಮ ಬಾಗಿಲು."

ಕಂಬಿಬೇಲಿ ಇದ್ದದ್ದು ಹದಿನೇಳನೆಯ ಪಟದಲ್ಲಿ. ಅದರ ಆಚೆ ಈಚೆ, ಹದಿನಾರು ಮತ್ತು ಹದಿನೆಂಟರಲ್ಲಿ, ಅವಳಿಜವಳಿಯಂಥ ಎರಡು ಬಾಗಿಲು. ಕಂಬಿ ಮುಗಿದ ಮೇಲೆ ಬರುವುದು ಹದಿನೆಂಟು. ಅದರ ಚೀಟಿಯ ಮೇಲೆ ಅವರು ಪೆನ್ಸಿಲಿನಲ್ಲಿ ಜೆಸ್ಸಿ ಮಕ್‌ಲೀಶ್ ಎಂದು ತಾಯಿಯ ಹೆಸರು ಬರೆದು, ಬಹಳ ಹೊತ್ತು ನೋಡಿದರು. "ಲೆಕ್ಕವೇನೋ ಸರಿ. ಬಾಗಿಲಿಗೆ ನನ್ನ ಗುರುತು ಹತ್ತುತ್ತಿಲ್ಲ," ಅಂದರು.

ಪಟಗಳನ್ನು ಕ್ರಮವಾಗಿ ಫೈಲು ಮಾಡುವ ಘನಕಾರ್ಯ ನನ್ನ ಪಾಲಿಗೆ ಬಂತು. ಆಫೀಸಿಗೆ ಸ್ಟೇಷನರಿ ತರಿಸುವುದನ್ನೇ ನಿಲ್ಲಿಸಿದ್ದರು; ಉಳಿದಿದ್ದವು ಎರಡೇ ಹಸಿರು ಫೈಲು, ಅರಬ್ಬಿ ಪತ್ರಗಳಿಗೆಂದು ತರಿಸಿದ್ದವು. ಒಂದನ್ನು ತೆಗೆದುಕೊಂಡು, ತಾಮ್ರಶಾಸನ ಕೊರೆಸುವವನ ಗಾಂಭೀರ್ಯದಿಂದ ತೂತು ಹೊಡೆದು ಪೋಣಿಸಿದೆ. ನನ್ನ ಇಂಗ್ಲಿಷ್ ಕೈ ಎಡದಿಂದ ಜೋಡಿಸಿತು, ಅರಬ್ಬಿ ಫೈಲು ಬಲದಿಂದ ತೆರೆಯಿತು. ಮೊದಲ ಪುಟದಲ್ಲೇ ಮೂವತ್ತೊಂದು.

ಪಕ್ಕದ ಮೇಜಿನ ಉಡುಪಿಯ ಫೆಲಿಕ್ಸ್ ಬಗ್ಗಿ ನೋಡಿದ. "ಎಂತ ಮಾರಾಯ್ರೆ, ಹೊರಟು ನಿಂತ ಮನುಷ್ಯನ ಊರನ್ನೂ ಮಗುಚಿ ಹಾಕಿದ್ರಾ? ಚರ್ಚಿಗೆ ಅಂತ ಹೊರಟವರು ಮೀನಿನ ಧಕ್ಕೆಯಲ್ಲಿ ಹೋಗಿ ನಿಲ್ಲುದಾ?"

"ನೀವು ಪ್ರತಿ ಶುಕ್ರವಾರದ ರಜೆಯಲ್ಲಿ ಹೋಗೋದೂ ಅದೇ ದಾರಿ ತಾನೆ, ಫೆಲಿಕ್ಸ್?"

"ನಾನು ಮೀನು ತಕೊಂಡೇ ಚರ್ಚಿಗೆ ಹೋಗುದು. ಮತ್ತೆ ಹೋದ್ರೆ ಒಳ್ಳೇದು ಸಿಗುದಿಲ್ಲ."

ಅರಬ್ಬಿ ಪತ್ರಗಳನ್ನು ನೋಡಿಕೊಳ್ಳುತ್ತಿದ್ದ ರುಸ್ತಾಕಿನ ಸಯೀದ್ ಎರಡು ಪುಟ ತಿರುವಿ, "ಸರಿಯಾಗೇ ಇದೆಯಲ್ಲ?" ಅಂದು ಎದ್ದು ಹೋದ.

ಬಿಚ್ಚಿ ಮತ್ತೆ ಪೋಣಿಸಬೇಕು ಅನ್ನುವಷ್ಟರಲ್ಲಿ ಮಕ್‌ಲೀಶ್ ಬಂದು ಫೈಲು ಎಳೆದುಕೊಂಡರು. ಮೂವತ್ತೊಂದು, ಧಕ್ಕೆ. ಮೂವತ್ತು, ಬಲೆ ಒಣಹಾಕಿದ ಗೋಡೆ. ಇಪ್ಪತ್ತೊಂಬತ್ತು. ತಿರುವುತ್ತ ತಿರುವುತ್ತ ಅವರ ವೇಗ ಬದಲಾಯಿತು. ಎಡಗೈ ಮೇಜಿನ ಅಂಚನ್ನು ಸವರತೊಡಗಿತು. ಕಿಟಕಿಯಾಚೆ ರುಸೈಲ್‌ನ ಬಿಸಿಲು ಕುದಿಯುತ್ತಿತ್ತು. ಈಚೆ ಏಳು ವರ್ಷದ ಹುಡುಗನೊಬ್ಬ ಚಳಿಗಾಳಿಗೆ ಬೆನ್ನು ಕೊಟ್ಟು ದಿಣ್ಣೆ ಹತ್ತುತ್ತಿದ್ದ. ನಾನು ನೋಡಿದೆನೆಂದರೆ ನೀವು ನಂಬಬೇಕಾಗಿಲ್ಲ, ಆದರೆ ಮೀನಿನ ವಾಸನೆ ಬಂದದ್ದು ಫೆಲಿಕ್ಸನ ಡಬ್ಬಿಯಿಂದ ಮಾತ್ರ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಹದಿನೆಂಟು ದಾಟಿತು. ಹದಿನೇಳರಲ್ಲಿ ಮಕ್‌ಲೀಶರ ಬೆರಳು ಕಂಬಿಕಂಬಿಗೂ ತಾಗಿತು. ಹದಿನಾರರಲ್ಲಿ ನಿಂತಿತು.

"ಶಾಲೆ ಧಕ್ಕೆಯ ಹಿಂದಿತ್ತು," ಅಂದರು ಮೆಲ್ಲಗೆ. "ಬೆಳಿಗ್ಗೆ ಹೋಗುವಾಗ ನನ್ನ ಕೈಯಲ್ಲಿ ಕೋಲು ಇರುತ್ತಿರಲಿಲ್ಲ. ಕೋಲು ಸಿಗುತ್ತಿದ್ದುದೇ ಧಕ್ಕೆಯಲ್ಲಿ. ಮನೆಗೆ ಬರುವಾಗ."

"ಸರ್, ಫೈಲು ತಪ್ಪಾಗಿದೆ, ಸಂಜೆಯೊಳಗೆ ಸರಿಮಾಡಿ—"

"ಮುಟ್ಟಬೇಡ," ಅಂದರು. ನನ್ನ ಮೇಜಿನ ಮೇಲಿದ್ದ ರಬ್ಬರು ತೆಗೆದುಕೊಂಡು ಹದಿನೆಂಟರ ಚೀಟಿಯಲ್ಲಿದ್ದ ಹೆಸರನ್ನು ಅಳಿಸಿದರು.

ಉಳಿದ ಇನ್ನೊಂದು ಫೈಲು ನನಗೇ ಬಂತು. ಮದುವೆಯ ಪಟಗಳು ಅದರೊಳಗೆ ಸೇರಿದವು. ಈ ಸಲ ಎಡದಿಂದ ನೋಡುವಂತೆ ಎಚ್ಚರಿಕೆಯಿಂದ ಜೋಡಿಸಿದ್ದೆ. ಮೊನ್ನೆ ಮೊಮ್ಮಗಳು ಬಲದಿಂದ ತೆರೆದಾಗ ಮೊದಲು ಬಂದದ್ದು ಹೆಣ್ಣು ಒಪ್ಪಿಸಿದ ಪಟ, ಆಮೇಲೆ ತಾಳಿ, ಆಮೇಲೆ ದಿಬ್ಬಣ; ಕೊನೆಗೆ ನಾನೊಬ್ಬನೇ, ಎರವಲು ಕೋಟಿನಲ್ಲಿ, ಮೈಸೂರಿನ ನಮ್ಮ ಮನೆಯ ಬಾಗಿಲಲ್ಲಿ. ಫೈಲು ತಿರುಗಿಸಿ ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಆ ಬಾಗಿಲನ್ನು ನಾನೂ ಬಹಳ ದಿನದಿಂದ ನೋಡಿರಲಿಲ್ಲ.

ಆ ಫೈಲಿನ ಹಿಂದಿನ ಜೇಬಿನಲ್ಲಿ, ಮರುವರ್ಷ ಮಕ್‌ಲೀಶ್ ಕಳಿಸಿದ ಸಭಾಂಗಣದ ಗೋಡೆಯ ಪಟವಿದೆ. ಹದಿನಾರನೆಯ ಬಾಗಿಲಿನ ಕೆಳಗೆ ಜೆಸ್ಸಿ ಮಕ್‌ಲೀಶ್ ಎಂದಿದೆ. ಹದಿನೆಂಟರ ಕೆಳಗೆ 'ಗೊತ್ತಿಲ್ಲ' ಎಂದಿದೆ.