ಒಂದೇ ಚೌಕಟ್ಟಿನೊಳಗಿನ ಇಬ್ಬರು

ಬೈಲಹೊಂಗಲದ ಒಂದು ಫೋಟೋ ಸ್ಟುಡಿಯೋಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮೊದಲ ಪುಟದಲ್ಲಿ ಜರಿ ಸೀರೆಯುಟ್ಟ ಹುಡುಗಿಯ ಫೋಟೋ, ಅದಕ್ಕೆ ಅಂಟಿಕೊಂಡಂತೆ ಪೇಟ ಸುತ್ತಿದ ಹುಡುಗನ ಫೋಟೋ ಇಟ್ಟು, ಎರಡಕ್ಕೂ ಸೇರಿಸಿ ಬಂಗಾರದ ಚೌಕಟ್ಟು ಹಾಕಿದ್ದೆ. ಅವರಿಗೆ ಒಬ್ಬರಿಗೊಬ್ಬರ ಗುರುತೇ ಇರಲಿಲ್ಲ.

ನಾನು ಸ್ಟುಡಿಯೋದಲ್ಲಿದ್ದಾಗಲೇ ಆ ಹುಡುಗಿ ಸಂಪಗಾಂವದಿಂದ ಬಂದಳು.

"ಇಂವ ಯಾರ್ರಿ? ಲಗ್ನಕ್ಕ ಯಾಕ ಕರೀಲಿಲ್ಲ ಅಂತ ಮಂದಿ ನಮ್ಮವ್ವಗ ಕೇಳಾಕ ಹತ್ಯಾರ. ನನ್ನ ನೋಡಾಕ ಬರೂವರು ಬರಂಗಿಲ್ಲ ಅಂದಾರ."

ಗಾಬರಿಯಲ್ಲಿ ನಾನು ಡಿಸೈನ್ ಕ್ಲಾಸಿನಲ್ಲಿ ಕಲಿತದ್ದನ್ನೇ ಒದರಿದೆ: "ಹತ್ರ ಹತ್ರ ಇದ್ದದ್ದನ್ನ ಮನಸ್ಸು ಜೋಡಿ ಅಂತ ತಿಳಕೋತೈತ್ರಿ. ಅದಕ್ಕ ಗೆಸ್ಟಾಲ್ಟ್ ತತ್ವ ಅಂತಾರ."

"ನಿಮಗಿದು ಮೊದಲ ಗೊತ್ತಿತ್ತೇನ್ರಿ?"

ಗೊತ್ತಿತ್ತು. ಜೋಡಿಯಂತೆ ಕಾಣಲೆಂದೇ ಹಾಗೆ ಇಟ್ಟಿದ್ದೆ. ಅವಳೆದುರೇ ವೆಬ್‌ಸೈಟಿನಿಂದ ಅವಳ ಫೋಟೋ ತೆಗೆದುಹಾಕಿದೆ. ನೋಡಲು ಬರಬೇಕಿದ್ದವರಿಗೆ ಫೋನ್ ಮಾಡಿ, ತಪ್ಪು ನನ್ನದೆಂದು ಹೇಳಿದೆ. ಬಹಳ ಹೊತ್ತು ಬೈದು, ಕೊನೆಗೆ ಬರಲು ಒಪ್ಪಿದರು.

ಮರುದಿನ ಸ್ಟುಡಿಯೋ ಮಾಲೀಕರ ಫೋನು. "ಚೌಕಟ್ಟಿನ್ಯಾಗ ಹುಡುಗ ಒಬ್ನ ಉಳದಾನಲ್ರಿ, ಲಗ್ನ ಯಾಕ ಮುರೀತು ಅಂತ ಪ್ಯಾಟಿ ಮಂದಿ ಕೇಳಾಕ ಹತ್ಯಾರ."

ಖಾಲಿ ಜಾಗ ಕಂಡರೆ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೂ ಒಂದು ತತ್ವವಿದೆ. ಅದನ್ನು ಅವರಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.